ಐದಡಿ ಸಲಿಕೆ, ತಡಸಲು ಕಾವು

ಆರಿದ್ರಾ ಮಳೆ ಹಿಡಿದಿದ್ದ ದಿನ. ಕುಮಟಾ ಕಡೆ ಅಘನಾಶಿನಿ ಹೊಳೆ ಪಕ್ಕದ ಗಜನಿ ಗದ್ದೆ ಕಟ್ಟೆ ಮೇಲೆ ಹೋಗ್ತಾ ಇದ್ವಿ, ನಾನು ಮತ್ತೆ ನಮ್ಮ ಭಾವ. ಎದುರಿಗೆ ಬಂದ ಬೈಕಿಗೆ ಜಾಗ ಬಿಡೋಣ ಅಂತ ಒಂದು ಗೇಣು ಎಡಕ್ಕೆ ತಗೊಂಡೆ ಅಷ್ಟೇ, ನಮ್ಮ ಮಾರುತಿ ಜಿಪ್ಸಿಯ ಎಡಗಡೆ ಎರಡೂ ಚಕ್ರ ಮೆತ್ತಗೆ ಇಳಿದುಹೋಯ್ತು. ಸದ್ದೂ ಇಲ್ಲ. ಫೋರ್ ವೀಲ್ ಹಾಕಿ ಒಂದ್ಸಲ ಎಳೆದ್ರೆ ಬರುತ್ತೆ ಅಂದ್ಕೊಂಡೆ, ಬರಲಿಲ್ಲ, ಚಕ್ರ ತಿರುಗಿದಷ್ಟೂ ಕೆಳಗೇ ಹೋಯ್ತು, ಆಮೇಲೆ ಇಳಿದು ಬಗ್ಗಿ ನೋಡಿದ್ರೆ ಹಿಂದಿನ ಡಿಫರೆನ್ಷಿಯಲ್, ಅಂದ್ರೆ ಹಿಂದಿನ ಎರಡು ಚಕ್ರದ ನಡುವೆ ಇರೋ ಗೇರಿನ ಉಂಡೆ, ಕೆಸರಿನ ಮೇಲೆ ಹೊಟ್ಟೆ ಊರಿ ಕೂತಿದೆ. ಗಜನಿ ಮಣ್ಣು ಗೊತ್ತಿದ್ದವರಿಗೆ ಗೊತ್ತು, ಉಪ್ಪುನೀರು ಹೊಕ್ಕು ಹೊರಡೋ ಜಾಗ, ಕಗ್ಗ ಭತ್ತ ಬೆಳೆಯೋ ಮಣ್ಣು, ಕಪ್ಪಗೆ ಬೆಣ್ಣೆ ಥರ ಇರುತ್ತೆ, ಕಾಲಿಟ್ರೆ ಚಪ್ಪಲಿ ವಾಪಸ್ ಕೊಡಲ್ಲ.

ಗಾಡಿಯಲ್ಲಿ ಸಲಿಕೆ ಇತ್ತು. ಆನ್‌ಲೈನಲ್ಲಿ ತರಿಸಿದ್ದು, ಮಡಚೋದು, ಚಂದದ ಚೀಲದಲ್ಲಿ ಬಂದಿತ್ತು, ಪೂರ್ತಿ ಬಿಚ್ಚಿದ್ರೆ 2 ಅಡಿ. ಅದನ್ನ ಹಿಡ್ಕೊಂಡು ಡಿಫರೆನ್ಷಿಯಲ್ ಹತ್ರ ಮುಟ್ಟಬೇಕು ಅಂದ್ರೆ ಕೆಸರಲ್ಲಿ ಬೋರಲು ಮಲಗಿ ಭುಜದವರೆಗೆ ಗಾಡಿ ಅಡಿಗೆ ತೂರಿಸಬೇಕು. ತೂರಿಸಿದೆ. ಹತ್ತು ಸಲ ಕೆರೆದಿರಬಹುದು, ಮಡಚೋ ಜಾಗದ ನಟ್ಟು ಸಡಿಲ ಆಗಿ ಅಲಗು ಅತ್ತಿತ್ತ ಓಲಾಡೋಕೆ ಶುರುವಾಯ್ತು, ಅಷ್ಟರಲ್ಲಿ ಭಾವ ನನ್ನ ಕಾಲು ಹಿಡಿದು ಎಳೆದ. "ಹೊರಗೆ ಬಾರೋ ಮಾರಾಯಾ, ಗಾಡಿ ಇನ್ನೂ ಇಳೀತಾ ಇದ್ದು." ನಿಜ, ನಾನು ಒಳಗೆ ಕೈ ಹಾಕಿದ್ದ ಬದಿಗೇ ಗಾಡಿ ವಾಲ್ತಾ ಇತ್ತು. ಆ ಕ್ಷಣ ನೆನೆಸ್ಕೊಂಡ್ರೆ ಈಗಲೂ ಭುಜದ ಹತ್ರ ತಣ್ಣಗಾಗುತ್ತೆ.

ಆಗ ಬಂದವರು ಅಲ್ಲೇ ಗದ್ದೆಯಲ್ಲಿದ್ದ ಒಬ್ಬ ಯಜಮಾನರು. ಸಿಗಡಿ ಕೆರೆ ಮಣ್ಣು ಎತ್ತೋಕೆ ಅಂತ ಇಟ್ಕೊಂಡಿದ್ದ ಉದ್ದ ಕಾವಿನ, ಅಂದ್ರೆ ಉದ್ದ ಹಿಡಿಯ, ಸಲಿಕೆ ಹೆಗಲ ಮೇಲಿತ್ತು. ನನ್ನ ಕೈಲಿದ್ದದ್ದನ್ನ ನೋಡಿದ್ರು, ಏನೂ ಅನ್ನಲಿಲ್ಲ, ತಮ್ಮದನ್ನ ಚಾಚಿದ್ರು. "ತಮಾ, ಅದ್ರಲ್ಲಿ ಆಗುದಿಲ್ಲ. ಗಾಡಿ ಅಡಿಗೆ ಕೈ ಹಾಕ್ಬೇಡ, ಕಾವು ಹಾಕು."

ಅಷ್ಟು ಒಂದು ಮಾತು. ಉದ್ದ ಸಲಿಕೆ ಯಾಕೆ ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದೂ ಅದೇ ಮಾತು. ಅವತ್ತು ನಾವು ಮಂಡಿ ಊರಿ ಹೊರಗಡೆಯಿಂದಲೇ ಕೆಲಸ ಮಾಡಿದ್ವಿ. ಮೊದಲು ಡಿಫರೆನ್ಷಿಯಲ್ಲಿನ ಎರಡೂ ಪಕ್ಕ ಅಲಗು ತೂರಿಸಿ ಸೀಳಿದ್ವಿ, ಯಾಕಂದ್ರೆ ಅಂಟು ಕೆಸರಿನ ಮೇಲೆ ಕಬ್ಬಿಣ ಕೂತ್ರೆ ಗಾಳಿ ಒಳಗೆ ಹೋಗೋಕೆ ಜಾಗ ಇರಲ್ಲ, ಕೆಸರೇ ಹೀರಿ ಹಿಡ್ಕೊಳ್ಳುತ್ತೆ, ಎಷ್ಟು ಎಳೆದ್ರೂ ಬಿಡಲ್ಲ, ಸೀಳಿ ಗಾಳಿ ಬಿಟ್ರೆ ಅರ್ಧ ಹಿಡಿತ ಅಲ್ಲೇ ಹೋಗುತ್ತೆ. ಆಮೇಲೆ ನೀರು ಹರಿದು ಹೋಗೋಕೆ ಒಂದು ಸಣ್ಣ ಕಾಲುವೆ. ಆಮೇಲೆ ಚಕ್ರದ ಹಿಂದೆ ಇಳಿಜಾರು, ಮುಂದೆ ಅಲ್ಲ, ಬಂದ ದಾರಿಯಲ್ಲೇ ವಾಪಸ್ ಹೋಗೋದು ಯಾವತ್ತೂ ಸುಲಭ. ಅಲ್ಲಿ ಬಿದ್ದಿದ್ದ ಚಿರೆಕಲ್ಲಿನ ಚೂರು, ತೆಂಗಿನ ಮಡಲು ತುಂಬಿ, ಟಯರ್ ಗಾಳಿ 18 ಪಿಎಸ್‌ಐಗೆ ಇಳಿಸಿ, ರಿವರ್ಸ್ ಹಾಕಿ ಕ್ಲಚ್ ನಿಧಾನಕ್ಕೆ ಬಿಟ್ಟೆ. ಬಂತು. ಒಂದು ಗಂಟೆ ಮೇಲಾಗಿತ್ತು, ಹೊಳೆಯಲ್ಲಿ ಭರತ ಏರ್ತಾ ಇತ್ತು, ಇನ್ನೊಂದು ಗಂಟೆ ಹೋಗಿದ್ರೆ ನೀರು ಕಟ್ಟೆ ಅಂಚಿಗೆ ಬರ್ತಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಜಿಪ್ಸಿ ಅಗಲ 1540 ಮಿಲಿಮೀಟರ್, ಅಂದ್ರೆ ಸುಮಾರು 5 ಅಡಿ. ಪಕ್ಕದಿಂದ ಗಾಡಿಯ ನಡು ಮುಟ್ಟೋಕೆ ಎರಡೂವರೆ ಅಡಿ ಒಳಗೆ ಹೋಗಬೇಕು. ಸಲಿಕೆ ಹಿಡಿಯೋಕೆ ಎರಡು ಕೈ ಬೇಕು, ಆ ಎರಡು ಕೈ ಮಧ್ಯೆ ಕಮ್ಮಿ ಅಂದ್ರೂ 2 ಅಡಿ ಅಂತರ ಇದ್ರೇನೇ ಬಲ ಬರೋದು. ಎರಡೂ ಕೂಡಿದ್ರೆ ನಾಲ್ಕೂವರೆ. ಅಲಗು ಸೇರಿ ತುದಿಯಿಂದ ತುದಿಗೆ 5 ಅಡಿ ಇದ್ರೆ ದೇಹ ಪೂರ್ತಿ ಹೊರಗೆ, ಕಬ್ಬಿಣ ಮಾತ್ರ ಒಳಗೆ. ನಾಲ್ಕಡಿ ಕಾವು, ಒಂದಡಿ ಅಲಗು. ನಿಮ್ಮ ಗಾಡಿ ಥಾರ್ ಆಗಿರ್ಲಿ ಬೊಲೆರೋ ಆಗಿರ್ಲಿ ಅದರ ಅಗಲ ನೋಡಿ ಅರ್ಧ ಮಾಡಿ ಎರಡಡಿ ಕೂಡಿಸ್ಕೊಳ್ಳಿ, ಅಲ್ಲಿಂದ ಕೆಳಗೆ ಇಳೀಬೇಡಿ. ನಿಂತು ಅಗೆಯೋಕೂ ಇದೇ ಅಳತೆ ಚೆನ್ನ, ಸಲಿಕೆ ನೆಲಕ್ಕೆ ಊರಿ ನಿಲ್ಲಿಸಿದ್ರೆ ಕಾವಿನ ತುದಿ ಕಂಕುಳಿಗೂ ಗಲ್ಲಕ್ಕೂ ನಡುವೆ ಎಲ್ಲಾದ್ರೂ ಬಂದ್ರೆ ಅದು ನಿಮ್ಮ ಸಲಿಕೆ, ಸೊಂಟ ಬಗ್ಗಿಸೋದು ಕಮ್ಮಿ ಆಗುತ್ತೆ.

ನಮ್ಮ ಶಿರಸಿ ಕಡೆ ತೋಟದ ಮನೆಗಳಲ್ಲಿ ಮಣ್ಣಿನ ಕೆಲಸ ಅಂದ್ರೆ ಗುದ್ದಲಿ. ಅಪ್ಪಯ್ಯ ಕೇಳಿದ್ರು, ಮನೇಲಿ ಇಷ್ಟು ಗುದ್ದಲಿ ಇರೋವಾಗ ಇದ್ಯಾಕೆ ಅಂತ. ಪ್ರಶ್ನೆ ಸರಿ. ಗುದ್ದಲಿ ಮಣ್ಣನ್ನ ನಮ್ಮ ಕಡೆ ಎಳೆಯುತ್ತೆ, ಕೆಸರಿಗೆ ಎಳೆಯೋದೇ ಬೇಕಾದ್ದು, ಚಕ್ರದ ಮುಂದೆ ಹಿಂದೆ ತೋಡೋಕೆ ಅದಕ್ಕಿಂತ ಒಳ್ಳೇದಿಲ್ಲ. ಆದ್ರೆ ಗುದ್ದಲಿ ಅಲಗು ಕಾವಿಗೆ ಅಡ್ಡ ಕೂತಿರುತ್ತೆ, ಅದರ ಎತ್ತರವೇ ಒಂದು ಗೇಣು. ಜಿಪ್ಸಿಗೆ ನೆಲದಿಂದ ಇರೋ ಜಾಗ 210 ಮಿಲಿಮೀಟರ್, ಎಂಟು ಇಂಚು ಚಿಲ್ಲರೆ, ಹೂತ ಮೇಲೆ ಅದೂ ಇರಲ್ಲ, ಗುದ್ದಲಿ ಒಳಗೇ ಹೋಗಲ್ಲ. ಸಲಿಕೆ ಅಂಗೈ ಥರ ಮಲಗಿ ಒಳಗೆ ಹೋಗುತ್ತೆ.

ಎಲ್ಲಾ ಸಲಿಕೆಯೂ ಹಾಗೆ ಮಲಗಲ್ಲ, ಇಲ್ಲಿ ನೋಡಬೇಕು. ಅಂಗಡಿಯಲ್ಲಿ ಸಲಿಕೇನ ನೆಲದ ಮೇಲೆ ಮಲಗಿಸಿ ನೋಡಿ, ಅಲಗು ನೆಲಕ್ಕೆ ತಾಗಿದಾಗ ಕಾವು ಎಷ್ಟು ಮೇಲೆ ಎದ್ದಿರುತ್ತೆ ಅಂತ. ಮರಳು ಜಲ್ಲಿ ತುಂಬೋಕೆ ಲಾರಿಯವರು ಇಟ್ಕೊಳ್ಳೋ ಸಲಿಕೆಗೆ ಆ ಬಾಗು ಜಾಸ್ತಿ ಇರುತ್ತೆ, ನಿಂತು ಎತ್ತಿ ಎಸೆಯೋಕೆ ಅದು ಬೇಕು. ಗಾಡಿ ಅಡಿಗೆ ಅದು ಆಗಲ್ಲ, ಅಲಗು ಒಳಗೆ ಹೋಗೋ ಮೊದಲೇ ಕಾವು ಬಂಪರಿಗೆ ತಾಗುತ್ತೆ. ನಮಗೆ ಬೇಕಾದ್ದು ಬಾಗು ಕಮ್ಮಿ, ಹೆಚ್ಚುಕಮ್ಮಿ ನೇರ ಇರೋದು. ತುದಿ ಚೂಪು, ದುಂಡಗೆ ಇಳಿದಿರಬೇಕು, ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಕಲ್ಲು, ಚೌಕದ ಅಲಗು ಅದರ ಮೇಲೆ ಜಾರುತ್ತೆ. ಅಗಲ ಎಂಟು ಇಂಚಿನ ಆಸುಪಾಸು ಸಾಕು. ಅಗಲ ಇದ್ರೆ ಜಾಸ್ತಿ ಮಣ್ಣು ಬರುತ್ತೆ ಅಂತ ಅನಿಸುತ್ತೆ, ಬರುತ್ತೆ ಕೂಡ, ಆದ್ರೆ ಒದ್ದೆ ಮಣ್ಣಿನ ತೂಕ ಹತ್ತು ಸಲ ಎತ್ತಿದ ಮೇಲೆ ತೋಳಿಗೆ ಗೊತ್ತಾಗುತ್ತೆ.

ತಗಡು 14 ಗೇಜ್ ಇರ್ಲಿ, ಅಂದ್ರೆ 2 ಮಿಲಿಮೀಟರ್. 16 ಗೇಜಿಂದು ಹಗುರ, ಅಗ್ಗ, ಆದ್ರೆ ಒಂದು ಬೇರಿಗೆ ಸಿಕ್ಕಿಸಿ ಒತ್ತಿದ್ರೆ ತುದಿ ಮಡಚ್ಕೊಳ್ಳುತ್ತೆ. ಅಂಗಡಿಯಲ್ಲಿ ಬೆರಳಿಂದ ತಟ್ಟಿ ನೋಡಿ, ತೆಳು ತಗಡು ಡಬ್ಬದ ಥರ ಸದ್ದು ಮಾಡುತ್ತೆ. ಅಲಗಿನ ಮೇಲಂಚು ಕಾಲಿಡೋಕೆ ಮಡಚಿರಬೇಕು, ಬರೀ ಅಂಚಿನ ಮೇಲೆ ಚಪ್ಪಲಿ ಕಾಲಿಟ್ಟು ಒತ್ತಿದ್ರೆ ಅಂಗಾಲು ಹೋಗುತ್ತೆ. ಆಮೇಲೆ ಹಿಂಭಾಗ ತಿರುಗಿಸಿ ನೋಡಿ. ಒಂದೇ ತಗಡು ಒತ್ತಿ ಮಾಡಿದ ಸಲಿಕೆಗೆ ಬೆನ್ನಲ್ಲಿ ಒಂದು ಗುಳಿ ಇರುತ್ತೆ, ಕೆಸರು ಅಲ್ಲಿ ಮೆತ್ಕೊಂಡು ಬಿಡಲ್ಲ, ಪ್ರತಿ ಸಲ ಅರ್ಧ ಕೆಜಿ ಸುಮ್ನೆ ಹೊತ್ತ ಹಾಗೆ. ಆ ಗುಳಿ ಮೇಲೆ ತಗಡು ಬೆಸೆದು ಮುಚ್ಚಿದ್ದು ಸಿಕ್ಕಿದ್ರೆ ಸ್ವಲ್ಪ ದುಡ್ಡು ಜಾಸ್ತಿ ಕೊಡಿ, ಗಟ್ಟಿನೂ ಹೌದು.

ಅಲಗಿನ ಬಗ್ಗೆ ಇಷ್ಟು ಸಾಕು. ನನ್ನ ಪ್ರಕಾರ ಸಲಿಕೆ ಆರಿಸೋದು ಅಂದ್ರೆ ಕಾವು ಆರಿಸೋದು. ಅಲಗು ಮುರಿದಿದ್ದು ನಾನು ನೋಡಿಲ್ಲ, ಮುರಿಯೋದೆಲ್ಲ ಕಾವು, ಅದೂ ಅಲಗಿನ ಕೊಳವೆಯಿಂದ ಹೊರಗೆ ಬರೋ ಜಾಗದಲ್ಲೇ. ಈಗ ಅಂಗಡಿಯಲ್ಲಿ ಜಾಸ್ತಿ ಸಿಗೋದು ಕಬ್ಬಿಣದ ಪೈಪು ವೆಲ್ಡ್ ಮಾಡಿದ್ದು. ನಾಲ್ಕಡಿ ಪೈಪು ಹಾಕಿದ್ರೆ ಭಾರ, ಕೈ ಜಾರುತ್ತೆ, ಒಂದ್ಸಲ ಬಾಗಿದ್ರೆ ನೇರ ಆಗಲ್ಲ. ಫೈಬರ್ ಗ್ಲಾಸ್ ಕಾವು ಒಳ್ಳೇದೇ, ಗೆದ್ದಲು ಹಿಡಿಯಲ್ಲ, ಮಳೆಗೆ ಏನೂ ಆಗಲ್ಲ, ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟೋ ಮಳೆಗೆ ಅದು ದೊಡ್ಡ ಮಾತು. ಆದ್ರೆ ವರ್ಷಗಟ್ಟಲೆ ಬಿಸಿಲಲ್ಲಿದ್ರೆ ಮೇಲಿನ ಪದರ ಸವೆದು ಗಾಜಿನ ಎಳೆ ಏಳುತ್ತೆ, ಕೈಗೆ ಚುಚ್ಚುತ್ತೆ, ಮುರಿದ್ರೆ ಯಲ್ಲಾಪುರದ ಕಾಡಿನ ನಡುವೆ ಅದಕ್ಕೆ ಬದಲಿ ಎಲ್ಲಿಂದ ತರೋದು? ಮರದ ಕಾವು ಯಾವ ಊರಲ್ಲೂ ಒಂದು ಕತ್ತಿ ಇದ್ರೆ ಹೊಸದು ಮಾಡ್ಕೋಬಹುದು. ನನಗೆ ಅದೊಂದೇ ಕಾರಣ ಸಾಕಾಯ್ತು.

ಮರ ಯಾವುದು ಅಂತ ಕೇಳಿದ್ದು ನಮ್ಮೂರ ಮರಗೆಲಸದ ಆಚಾರ್ರನ್ನ. ಯೋಚನೆ ಮಾಡದೇ ಹೇಳಿದ್ರು, ತಡಸಲು. ಕೆಲವರು ದಡಸಲು ಅಂತಾರೆ. ಘಟ್ಟದ ಕಾಡಲ್ಲಿ ಇರೋ ಮರ, ಹಿಂದಿಯವರು ಧಾಮನ್ ಅಂತಾರೆ, ಕೊಡಲಿ ಕಾವಿಗೆ ಹಿಂದಿನಿಂದಲೂ ಹೆಸರು ಮಾಡಿದ್ದು. ಯಾಕೆ ಅಂದ್ರೆ ಅದು ಬಾಗುತ್ತೆ, ಬಾಗಿ ವಾಪಸ್ ನೆಟ್ಟಗಾಗುತ್ತೆ. ಹೊನ್ನೆ ಮತ್ತಿ ಎಲ್ಲ ಗಟ್ಟಿ ಮರವೇ, ಆದ್ರೆ ಕಾವಿಗೆ ಬರೀ ಗಟ್ಟಿತನ ಸಾಲದು, ಏಟು ತಿಂದಾಗ ಅದನ್ನ ನುಂಗಬೇಕು, ಇಲ್ಲಾಂದ್ರೆ ಆ ಏಟು ನೇರ ಮೊಣಕೈಗೆ ಬರುತ್ತೆ. ತೋಟಕ್ಕೆ ಸೊಪ್ಪು ತರೋ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಗಾಳಿಗೆ ಮುರಿದು ಬಿದ್ದಿದ್ದ ಒಂದು ಕೊಂಬೆ ಇತ್ತು, ಅದನ್ನೇ ತಂದು ಸೀಳಿ ಅಟ್ಟದ ಮೇಲೆ ನೆರಳಲ್ಲಿ ಒಣಗೋಕೆ ಹಾಕಿದ್ವಿ. ಹಸಿ ಮರದ ಕಾವು ಹಾಕಿದ್ರೆ ಒಣಗಿದ ಮೇಲೆ ಕುಗ್ಗಿ ಸಡಿಲ ಆಗುತ್ತೆ, ಹಾಗಾಗಿ ಒಂದು ಬೇಸಿಗೆ ಪೂರ್ತಿ ಕಾದ್ವಿ.

ಆಚಾರ್ರು ಕಾವು ಕೂರಿಸಿದ್ದನ್ನ ನಾನು ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಮರದ ತುದಿಗೆ ಸ್ವಲ್ಪ ನೀರು ಸವರಿ ಎಳೆ ನೋಡಿದ್ರು. ಆಮೇಲೆ ಉದ್ದಕ್ಕೆ ಒಂದು ಕಣ್ಣು ಮುಚ್ಚಿ ಬಂದೂಕಿನ ಗುರಿ ನೋಡಿದ ಹಾಗೆ ನೋಡಿದ್ರು. ಎಳೆ ಈ ತುದಿಯಿಂದ ಆ ತುದಿವರೆಗೆ ಒಂದೇ ಸಮ ಓಡಬೇಕಂತೆ, ಮಧ್ಯೆ ಎಲ್ಲಾದ್ರೂ ಪಕ್ಕಕ್ಕೆ ಹೊರಳಿ ಹೊರಗೆ ಬಿದ್ರೆ ಅಲ್ಲೇ ಸೀಳುತ್ತೆ, ಗಂಟು ಇದ್ರೆ ಗಂಟಲ್ಲೇ ಮುರಿಯುತ್ತೆ. ಎರಡು ತುಂಡು ಪಕ್ಕಕ್ಕೆ ಎಸೆದ್ರು, ಮೂರನೇದನ್ನ ಇಟ್ಕೊಂಡ್ರು. ಉಳಿಯಿಂದ ಹೆರೆದು, ಕೊನೆಗೆ ಒಡೆದ ಗಾಜಿನ ಚೂರಿಂದ ಕೆರೆದು ಕೆರೆದು ನುಣುಪು ಮಾಡಿದ್ರು, ಆ ಕೆರೆದ ಸಿಪ್ಪೆ ಈರುಳ್ಳಿ ಸಿಪ್ಪೆಗಿಂತ ತೆಳು. ಹಿಡಿಯೋ ಜಾಗ ದುಂಡಗೆ ಬೇಡ ಅಂದ್ರು, ಮೊಟ್ಟೆ ಆಕಾರಕ್ಕೆ ತಂದ್ರು, ಕತ್ತಲಲ್ಲೂ ಅಲಗು ಯಾವ ಕಡೆ ಮುಖ ಮಾಡಿದೆ ಅಂತ ಕೈಗೆ ಗೊತ್ತಾಗ್ಬೇಕು. ತುದಿ ಕೊಳವೆಯಲ್ಲಿ ಸಿಕ್ಕಿಸಿ, ಸಲಿಕೆ ಮೇಲೆ ಮಾಡಿ ಹಿಡಿದು, ಕಾವಿನ ಬುಡಾನ ಅಂಗಳದ ಕಲ್ಲಿಗೆ ಕುಟ್ಟಿದ್ರು. ಕಬ್ಬಿಣಕ್ಕೆ ಸುತ್ತಿಗೆ ಮುಟ್ಟಿಸಲೇ ಇಲ್ಲ. ಒಂದೊಂದು ಏಟಿಗೂ ಅಲಗು ತನ್ನ ಭಾರಕ್ಕೇ ಒಂದು ಕೂದಲೆಳೆ ಕೆಳಗೆ ಇಳೀತಾ ಬಂತು, ಸದ್ದು ಮೊದಲು ಟೊಳ್ಳು ಇತ್ತು, ಕೊನೆಗೆ ಠಣ್ ಅಂತು, ಆಗ ನಿಲ್ಲಿಸಿ ರಿವಿಟ್ ಹಾಕಿದ್ರು. "ಹೆಗಡೇರೆ, ಇದ್ರಲ್ಲಿ ಕಲ್ಲು ಮೀಟ್ಬೇಡಿ, ಕಲ್ಲಿಗೆ ಹಾರೆಕೋಲು ಇದೆ" ಅಂದ್ರು. ಅದನ್ನ ಇವತ್ತಿಗೂ ಮೀರಿಲ್ಲ. ಸಲಿಕೆಯಿಂದ ಮೀಟೋಕೆ ಹೋದ್ರೆ ನಾಲ್ಕಡಿ ಕಾವಿನ ಬಲ ಪೂರ್ತಿ ಆ ಕೊಳವೆ ಬಾಯಿಗೆ ಬೀಳುತ್ತೆ, ಯಾವ ಮರವಾದ್ರೂ ಹೋಗುತ್ತೆ.

ಕಾವಿಗೆ ವಾರ್ನಿಶ್ ಬೇಡ, ಬೆವರಿದ ಕೈಗೆ ಅಂಟಿ ಬೊಬ್ಬೆ ಏಳುತ್ತೆ. ಅಗಸೆ ಎಣ್ಣೆ ಬಟ್ಟೆಯಲ್ಲಿ ಅದ್ದಿ ತಿಕ್ಕಿ ಒಂದು ದಿನ ಬಿಟ್ಟು ಮತ್ತೆ ತಿಕ್ಕಿ. ತೆಂಗಿನೆಣ್ಣೆ ಮನೇಲಿದೆ ಅಂತ ಅದನ್ನ ಹಚ್ಚಬೇಡಿ, ಅದು ಒಣಗಲ್ಲ, ಜಿಡ್ಡಾಗೇ ಇರುತ್ತೆ, ಅಗಸೆ ಎಣ್ಣೆ ಗಾಳಿಗೆ ಒಣಗಿ ಮರದಲ್ಲಿ ಕೂರುತ್ತೆ. ಎಣ್ಣೆ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಒಣಗೋವಾಗ ಅದು ತಾನೇ ಬಿಸಿಯಾಗಿ ಬೆಂಕಿ ಹತ್ತೋದುಂಟು, ಬಿಡಿಸಿ ಒಣಹಾಕಿ.

ಕ್ಯಾಂಪಿಂಗಿಗೆ ಇಷ್ಟುದ್ದದ್ದು ಯಾಕೆ ಅಂತ ಕೆಲವರು ಕೇಳ್ತಾರೆ, ಗಾಡಿ ಇರೋವಾಗ ಬೆನ್ನ ಮೇಲೆ ಹೊರೋದೇನಿಲ್ವಲ್ಲ. ನಾವು ಟೆಂಟ್ ಹಾಕೋದು ನಮ್ಮದೇ ಬೆಟ್ಟದಲ್ಲಿ, ಇಲ್ಲಾ ಪರಿಚಯದವರ ತೋಟದ ಅಂಚಲ್ಲಿ. ಕಾಡಲ್ಲಿ ಪರ್ಮಿಶನ್ ಇಲ್ಲದೇ ಉಳಿಯೋದು ತಪ್ಪು, 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರಾದ ದಾಂಡೇಲಿ ಅಣಶಿ ಕಡೆಯಂತೂ ಕೇಳಲೇಬೇಡಿ. ಬೆಟ್ಟದಲ್ಲಿ ಬೆಂಕಿ ಹಾಕೋ ಮೊದಲು ಸಲಿಕೆಯಿಂದ ಸುತ್ತ ಎರಡು ಮಾರು ದರಕು, ಅಂದ್ರೆ ಉದುರಿದ ಒಣ ಎಲೆ, ಸರಿಸಿ ಕೆಂಪು ಮಣ್ಣು ಕಾಣಿಸೋ ಹಾಗೆ ಮಾಡ್ತೀನಿ, ಬೇಸಿಗೆಯಲ್ಲಿ ಒಂದು ಕಿಡಿ ಸಾಕು. ಹೊರಡೋವಾಗ ಬರೀ ಮಣ್ಣು ಎಳೆದು ಮುಚ್ಚಿದ್ರೆ ಬೆಂಕಿ ಆರಿದ ಹಾಗಲ್ಲ, ಒಳಗೆ ಕೆಂಡ ಗಂಟೆಗಟ್ಟಲೆ ಇರುತ್ತೆ. ನೀರು ಹಾಕಿ, ಸಲಿಕೆಯಿಂದ ಕದಡಿ, ಮತ್ತೆ ನೀರು, ಅಂಗೈ ಹಿಂಭಾಗ ಹತ್ರ ಹಿಡಿದು ಬಿಸಿ ಇಲ್ಲ ಅಂತಾದ ಮೇಲೆ ಹೊರಡಿ. ಕದಡೋವಾಗ ಕಾವು ಉದ್ದ ಇದ್ರೆ ಮುಖಕ್ಕೆ ಹಬೆ ಹೊಡೆಯಲ್ಲ. ಬಯಲಿಗೆ ಹೋಗೋಕೂ ಅಷ್ಟೇ, ಹಳ್ಳದಿಂದ 60 ಮೀಟರ್ ದೂರ, ಆರೆಂಟು ಇಂಚು ಆಳದ ಗುಂಡಿ, ಮುಗಿದ ಮೇಲೆ ಮುಚ್ಚೋದು. ನಮ್ಮ ಹಳ್ಳದ ನೀರು ಕೆಳಗೆ ಯಾರದೋ ಮನೆ ಹಂಡೆಗೆ ಹೋಗುತ್ತೆ. ಮಳೆಗಾಲದಲ್ಲಿ ಕೈ ಹಾಕೋ ಮೊದಲು ದರಕನ್ನ ಸಲಿಕೆಯಿಂದ ಸರಿಸೋದು ರೂಢಿ ಮಾಡ್ಕೊಳ್ಳಿ, ರಕ್ತ ಹೀರೋ ಉಂಬಳ ಬಿಡಿ, ಮಂಡಲದ ಹಾವು ದರಕಿನ ಬಣ್ಣಕ್ಕೇ ಇರುತ್ತೆ.

ಕಡಲ ಮರಳಿನ ವಿಷಯ ಬೇರೆ. ಮರಳಲ್ಲಿ ಹೂತ್ರೆ ಅರ್ಧ ಕೆಲಸ ಟಯರ್ ಗಾಳಿ ಇಳಿಸೋದ್ರಲ್ಲೇ ಮುಗಿಯುತ್ತೆ, ಉಳಿದದ್ದಕ್ಕೆ ಸಲಿಕೆ, ಮರಳು ತೋಡಿದಷ್ಟೂ ವಾಪಸ್ ಹರಿಯೋದ್ರಿಂದ ಚಕ್ರದ ಹತ್ರ ಅಗಲವಾಗಿ ಇಳಿಜಾರು ಮಾಡ್ಬೇಕು, ಆಳ ಅಲ್ಲ. ಆದ್ರೆ ನಾನು ಬೀಚಲ್ಲಿ ಗಾಡಿ ಇಳಿಸೋದೇ ಬಿಟ್ಟಿದ್ದೀನಿ. ಹೊನ್ನಾವರದ ಕಾಸರಕೋಡ ಕಡೆ, ಕಾರವಾರ ಕಡೆ, ಕಡಲಾಮೆ ಬಂದು ಮೊಟ್ಟೆ ಇಡುತ್ತೆ, ಆಲಿವ್ ರಿಡ್ಲಿ, ಚಳಿಗಾಲ ಶುರುವಾದ್ರೆ ಬೇಸಿಗೆವರೆಗೂ. ಮೊಟ್ಟೆ ಇರೋದು ಒಂದೂವರೆ ಅಡಿ ಕೆಳಗೆ, ಮೇಲಿಂದ ಏನೂ ಕಾಣಲ್ಲ. ಗಾಡಿಯ ಭಾರ ಅವುಗಳ ಮೇಲೆ, ಮರಿ ಹೊರಗೆ ಬಂದ್ರೂ ಚಕ್ರದ ಹಳ್ಳ ದಾಟೋಕಾಗದೇ ಅಲ್ಲೇ ಸುತ್ತುತ್ತೆ. ಬೇರೆಯವರ ಗಾಡಿ ಎತ್ತೋಕೆ ಅಂತ ಹೋದ್ರೂ, ಎತ್ತಿದ ಮೇಲೆ ತೋಡಿದ ಗುಂಡಿ ಎಲ್ಲ ಸಮ ಮಾಡಿ, ಚಕ್ರದ ಗುರುತೂ ಎಳೆದು ಮುಚ್ಚಿ ಬನ್ನಿ, ಸಲಿಕೆ ಕೈಲೇ ಇರುತ್ತಲ್ಲ.

ಇನ್ನೊಂದು ಜಾಗದಲ್ಲಿ ಸಲಿಕೆ ಹೊರಗೆ ತೆಗೀಲೇಬಾರದು, ಅದು ಘಟ್ಟದಲ್ಲಿ ಮಣ್ಣು ಕುಸಿದ ಜಾಗ. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ರಸ್ತೆ ಮೇಲೆ ಸ್ವಲ್ಪ ಮಣ್ಣು ಬಿದ್ದಿದೆ, ಇಷ್ಟು ತಾನೇ, ಎಳೆದು ಹಾಕಿ ಹೋಗೋಣ ಅನಿಸುತ್ತೆ. ಬೇಡ. ಒಂದು ಘನ ಮೀಟರ್ ಒದ್ದೆ ಮಣ್ಣು ಹತ್ತಿರ ಹತ್ತಿರ 2 ಟನ್, ಕೆಳಗೆ ಬಿದ್ದದ್ದು ಮುಗಿದದ್ದಲ್ಲ, ಮೇಲಿಂದು ಇನ್ನೂ ಬರೋಕೆ ಕಾಯ್ತಾ ಇರುತ್ತೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೇ ಹೋಯ್ತು, ರಸ್ತೆ ಪಕ್ಕ ಇದ್ದವರು ಹೋದ್ರು. ನಮ್ಮ ಜಿಲ್ಲೆಯವರಿಗೆ ಅದು ಮರೆಯೋಕಾಗಲ್ಲ. ಗಾಡಿ ತಿರುಗಿಸಿ, ಹಿಂದೆ ಬರೋರನ್ನೂ ನಿಲ್ಲಿಸಿ, ವಾಪಸ್ ಹೋಗಿ.

ಐದಡಿ ಸಲಿಕೇನ ಎಲ್ಲಿಡೋದು ಅನ್ನೋದು ನಿಜವಾದ ತೊಂದರೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಎಡಪಕ್ಕಕ್ಕೇ ಸಲಿಕೆ ಕೊಡಲಿ ಎರಡನ್ನೂ ಬಿಗಿಯೋ ಜಾಗ ಇತ್ತು, ಗಾಡಿ ಮಾಡಿದವರೇ ಯೋಚನೆ ಮಾಡಿದ್ರು. ನಾನು ರೂಫ್ ಕ್ಯಾರಿಯರಿನ ಪಕ್ಕಕ್ಕೆ ಕಟ್ಟಿದ್ದೀನಿ, ಹಳೇ ಟಯರ್ ಟ್ಯೂಬ್ ಪಟ್ಟಿ ಕೊಯ್ದು ಮೂರು ಕಡೆ ಸುತ್ತಿದ್ದು, ಹೊಂಡ ಹಾರಿದ್ರೂ ಟಕಟಕ ಅನ್ನಲ್ಲ, ಅಲಗಿಗೂ ಟ್ಯೂಬಿಂದೇ ಒಂದು ಟೊಪ್ಪಿ. ಒಳಗಿಡೋದಾದ್ರೆ ಬಿಗಿದು ಕಟ್ಟಲೇಬೇಕು, ಜೋರಾಗಿ ಬ್ರೇಕ್ ಹೊಡೆದ ದಿನ ಸುಮಾರು 2 ಕೆಜಿ ಕಬ್ಬಿಣ ಮತ್ತೆ ಮರ ಸೀಟಿನ ಹಿಂದಿನಿಂದ ಬರೋದು ಬೇಡ. ಹೊರಗಿದ್ರೆ ಕಡಲ ಗಾಳಿಗೆ ತುಕ್ಕು. ಕರಾವಳಿಯಿಂದ ಘಟ್ಟ ಹತ್ತಿ ಮನೆಗೆ ಬಂದ ದಿನವೇ ಸಿಹಿನೀರಲ್ಲಿ ತೊಳೆದು, ಒರೆಸಿ, ಅಲಗಿಗೆ ಎಣ್ಣೆ ಕೈ ಆಡಿಸ್ತೀನಿ. ವರ್ಷಕ್ಕೊಂದ್ಸಲ ಅರ ಹಾಕಿ ಒಳಮೈ ಕಡೆಯಿಂದ ಅಂಚು ತೀಡ್ತೀನಿ, ಕತ್ತಿ ಥರ ಹರಿತ ಬೇಡ, ಬೇರು ಕಡಿಯೋಷ್ಟು ಸಾಕು.

ಅಂದಹಾಗೆ ಆ ಗಜನಿ ಯಜಮಾನರ ಹತ್ರ ಆಮೇಲೊಂದು ಸಲ ಹೋಗಿದ್ದೆ, ಚಳಿಗಾಲದಲ್ಲಿ, ಮನೆಯ ಅಡಿಕೆ ತಗೊಂಡು. ನನ್ನ ಸಲಿಕೆ ಕೈಗೆ ತಗೊಂಡ್ರು, ಕಾವನ್ನ ಎರಡು ಕೈಲಿ ಹಿಡಿದು ಮೊಣಕಾಲಿಗೆ ಒತ್ತಿ ಬಗ್ಗಿಸಿ ನೋಡಿದ್ರು, ಅದು ಬಾಗಿ ನೆಟ್ಟಗಾಯ್ತು. "ಮರ ಯಾವುದು ತಮಾ?" ತಡಸಲು ಅಂದೆ. ತಮ್ಮ ಸಲಿಕೆ ತಂದು ತೋರಿಸಿದ್ರು, ಕಾವಿನಲ್ಲಿ ಕೊಳವೆ ಹತ್ರ ಒಂದು ಸೀಳು, ತಂತಿ ಸುತ್ತಿದ್ರು, ಆ ಸಲ ನಮ್ಮ ಗಾಡಿ ಅಡಿ ಆದದ್ದಿರಬೇಕು, ಅವರು ಹೇಳಲಿಲ್ಲ. ಆ ಕೊಂಬೆಯದೇ ಇನ್ನೊಂದು ತುಂಡು ನಮ್ಮ ಅಟ್ಟದ ಮೇಲಿದೆ, ಗಂಟಿಲ್ಲದ್ದು, ನಾಲ್ಕಡಿ ಮೇಲೆ ಒಂದು ಗೇಣು. ಈ ಬೇಸಿಗೆಗೆ ಪೂರ್ತಿ ಒಣಗುತ್ತೆ. ಮಳೆ ಶುರುವಾಗೋ ಮೊದಲು ಆಚಾರ್ರ ಹತ್ರ ಕೆರೆಸಿ ಕುಮಟಾಕ್ಕೆ ತಗೊಂಡು ಹೋಗ್ಬೇಕು.